ಹೌಸಾಬಾಯಿಯ ಕೈಗುಣ

ತಾಸಗಾಂವದ ಕುಂಬಾರ ಗಲ್ಲಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಬಾಣಂತಿ ಆಸ್ಪತ್ರೆಯಿಂದ ಬಂದು ಹೊಸಿಲು ದಾಟುವುದರೊಳಗೆ ಹೌಸಾಬಾಯಿಗೆ ಹೇಳಿಕಳಿಸಿ ಆಗಿರುತ್ತಿತ್ತು. ಅವಳು ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡೂ ಕಾಲು ಚಾಚಿ ಕೂತು ಕೂಸನ್ನು ಬೋರಲು ಹಾಕಿಕೊಂಡಳೆಂದರೆ ಮುಗಿಯಿತು. ಬಾಣಂತಿಯ ತಾಯಿಯೇ ಇರಲಿ, ಅತ್ತೆಯೇ ಇರಲಿ, ನಡುವೆ ಬಾಯಿ ಹಾಕುವಂತಿರಲಿಲ್ಲ. ನೀರು ತೀರ ಬಿಸಿಯಾಯಿತು ಅಂದವಳಿಗೆ, "ಹಂಗಾರ ನೀನ ಎರಿ, ನಾ ಚಾ ಕುಡದ ಹೊಕ್ಕೀನಿ" ಎಂದು ಕೂಸನ್ನು ಕೊಟ್ಟುಬಿಡುತ್ತಿದ್ದಳು. ಅಲ್ಲಿಗೆ ಎಲ್ಲರೂ ತೆಪ್ಪಗಾಗುತ್ತಿದ್ದರು.

ಅವಳ ಕೈಯ ಓಟವೇ ಬೇರೆ. ಬೆನ್ನುಮೂಳೆಯಿಂದ ಹೊರಟು ಪಕ್ಕೆಯತ್ತ ಇಳಿಜಾರಾಗಿ, ಬೆರಳೊತ್ತಿ ಎಳೆಯುವ ಎಳೆತ. ಚಿಕ್ಕಂದಿನಲ್ಲಿ ಬೀಸುವ ಕಲ್ಲಿಗೆ ಸಿಕ್ಕಿ ಬಲಗೈಯ ಕಿರುಬೆರಳು ಹೊರಗೆ ಸೊಟ್ಟಗಾಗಿ ನಿಂತಿತ್ತು. ಉಳಿದ ಮೂರು ಬೆರಳು ಜೊತೆಯಾಗಿ ಹೋದರೆ ಅದೊಂದು ಮುನಿಸಿಕೊಂಡ ಓರಗಿತ್ತಿಯ ಹಾಗೆ ದೂರ ನಡೆಯುತ್ತಿತ್ತು. ಆ ಸೊಟ್ಟ ಬೆರಳಲ್ಲೇ ಕೈಗುಣ ಇದೆ ಎಂದು ಗಲ್ಲಿಯ ಹೆಂಗಸರು ನಂಬಿದ್ದರು. ಹೌಸಾಬಾಯಿಯೂ ನಂಬಿದ್ದಳು, ಅವರಿಗಿಂತ ತುಸು ಹೆಚ್ಚೇ.

ಇಂಥ ಕೈಯಿದ್ದೂ ಸ್ವಂತ ಮಗಳನ್ನು ಉಳಿಸಿಕೊಳ್ಳಲಾಗಲಿಲ್ಲ. ಶೈಲಾ ಒಂದು ಮಳೆಗಾಲದಲ್ಲಿ ಜ್ವರ ಬಂದು, ಇನ್ನೂ ಮೊಲೆ ಕುಡಿಯುವ ಮಗಳು ಸಾನಿಕಾಳನ್ನು ಬಿಟ್ಟು ಹೋದಳು. ಅಳಿಯ ತಾನಾಜಿ ದ್ರಾಕ್ಷಿ ಸಾಗಿಸುವ ಟೆಂಪೋ ಓಡಿಸುವವನು, ದಿನಗಟ್ಟಲೆ ಮನೆಯಲ್ಲಿರುತ್ತಿರಲಿಲ್ಲ. ವರ್ಷ ತುಂಬುತ್ತಲೇ ಜತ್ತದ ಕಡೆಯ ಸಿಂಧು ಎಂಬವಳನ್ನು ಮದುವೆಯಾಗಿ ಕರೆತಂದ. ಕೂಸಿಗೊಂದು ದಿಕ್ಕಾಯಿತು ಎಂದರು ಎಲ್ಲರೂ. ಹೌಸಾಬಾಯಿ ಮಾತ್ರ ಎರಡು ಗಲ್ಲಿಯಾಚೆಯ ತನ್ನ ಮನೆಯಿಂದ ಕಣ್ಣಿಟ್ಟು ಕೂತಳು. ಮಲತಾಯಿ ಎಂದಾದರೊಂದು ದಿನ ಕೈ ಎತ್ತಿಯೇ ಎತ್ತುತ್ತಾಳೆ, ಅಂದು ಮೊಮ್ಮಗಳನ್ನು ಎತ್ತಿಕೊಂಡು ಬರುತ್ತೇನೆ ಎಂದು ಕಾಯುತ್ತಿದ್ದಳು. ಸಿಂಧು ಕೈ ಎತ್ತಲಿಲ್ಲ. ಅದೂ ಮುದುಕಿಗೆ ಸಮಾಧಾನ ತರಲಿಲ್ಲ.

ಸಾನುವಿನ ಕೊರಳ ಎಡಬದಿಯಲ್ಲಿ ಮೊದಲಿನಿಂದಲೂ ಒಂದು ಮೆತ್ತನೆಯ ಉಬ್ಬಿತ್ತು. ಹುಡುಗಿ ಬೆಳೆದ ಹಾಗೆ ಅದೂ ಬೆಳೆಯಿತು. ನಾಲ್ಕು ತುಂಬುವ ಹೊತ್ತಿಗೆ ಕಿವಿಯ ಕೆಳಗಿನಿಂದ ಗದ್ದದವರೆಗೆ ನೀರು ತುಂಬಿದ ಚೀಲದಂತೆ ಜೋತುಬಿತ್ತು. ನೆಗಡಿಯಾದರೆ ಚೀಲ ಬಿಗಿದುಕೊಂಡು ಉಸಿರಿನಲ್ಲಿ ಸಿಳ್ಳು ಕೇಳುತ್ತಿತ್ತು. ಹೌಸಾಬಾಯಿ ಎಣ್ಣೆ ಹಚ್ಚಿ ನೀವಿದಳು, ಸುಣ್ಣ ಅರಿಶಿಣದ ಪಟ್ಟು ಹಾಕಿದಳು. ಅದು ಜಗ್ಗಲಿಲ್ಲ. ಕೊನೆಗೆ ಯಾರನ್ನೂ ಕೇಳದೆ ಹುಡುಗಿಯನ್ನು ಸೊಂಟಕ್ಕೇರಿಸಿಕೊಂಡು ಮಿರಜೆಯ ಆಸ್ಪತ್ರೆಗೆ ಹೋದವಳು ಸಿಂಧು.

ಅಲ್ಲಿಯ ಡಾಕ್ಟರಬಾಯಿ ಕತ್ತಲೆ ಕೋಣೆಯಲ್ಲಿ ಆ ಉಬ್ಬಿಗೆ ಬ್ಯಾಟರಿ ಹಿಡಿದಳು. ಉಬ್ಬು ಒಳಗಿನಿಂದ ಕೆಂಪಗೆ ಬೆಳಗಿತು. "ಇದು ಗಂಟಲ್ಲ. ಮೈಯಾಗ ನೀರು ಹರಿಯೋ ಸಣ್ಣ ಕಾಲುವಿ ಇರ್ತಾವು. ಇಲ್ಲಿ ಹುಟ್ಟಿನಿಂದನ ದಾರಿ ತಪ್ಪಿ ಮಡುವಾಗಿ ನಿಂತಾವು. ಕೊಯ್ಯೂದಂದ್ರ ನರ ಎಲ್ಲಾ ಇದರಾಗ ಹಾದು ಹೋಗ್ಯಾವು, ಬಾಯಿ ಸೊಟ್ಟ ಆದೀತು. ಸೂಜೀಲೆ ನೀರು ತಗದು ಅದರಾಗ ಔಷಧ ಬಿಡ್ತೀವಿ. ಒಳಗಿನ ಗೋಡಿ ಅಂಟಿಕೊಂಡು ಚೀಲ ಮುದುಡ್ತೈತಿ. ಒಂದ ಸಲಕ್ಕ ಆಗೂದಿಲ್ಲ, ಮ್ಯಾಲಿಂದ ಮ್ಯಾಲೆ ಬರಬೇಕು. ನಡುವ ಬಿಟ್ರ, ಒಳಗ ಬೆಳದು ಉಸಿರಿನ ಕೊಳವಿ ಒತ್ತಿದ್ರ, ಆಮ್ಯಾಲೆ ನನ್ನ ಬೈಬ್ಯಾಡ್ರಿ."

ಸಂಕ್ರಾಂತಿಗೆ ಮೊದಲು ಒಂದು ಬೆಳಿಗ್ಗೆ ಸಾನುವಿಗೆ ಮತ್ತಿನ ಔಷಧ ಕೊಟ್ಟು, ಯಂತ್ರದಲ್ಲಿ ನೋಡುತ್ತ ಮೊದಲ ಸೂಜಿ ಹಾಕಿದರು. ಹೌಸಾಬಾಯಿಯೂ ಹಟ ಹಿಡಿದು ಜೊತೆಗೆ ಬಂದಿದ್ದಳು. ಹುಡುಗಿಯನ್ನು ಹೊರಗೆ ತಂದಾಗ ಉಬ್ಬು ಇಳಿದಿರುವುದಿರಲಿ, ಮೊದಲಿಗಿಂತ ದಪ್ಪಗಾಗಿ ಕೆಂಪೇರಿತ್ತು. ಮುದುಕಿ ಸಿಸ್ಟರಿನ ತೋಳು ಹಿಡಿದು ನಿಲ್ಲಿಸಿದಳು.

"ಇದು ಹಿಂಗ ಬಾಯ್ತೈತಿ, ಆಮ್ಯಾಲೆ ಇಳೀತೈತಿ" ಎಂದಳು ಸಿಸ್ಟರು. "ಇನ್ನೊಂದು ಮಾತು. ಈ ಔಷಧ ಮೈಯಾಗಿರೋ ತನಕ, ಎರಡು ಮೂರು ದಿನ, ಚರ್ಮಕ್ಕ ಏನೂ ತಿಕ್ಕಬಾರದು. ತುರಿಸೂದು, ಉಜ್ಜೂದು, ಪಟ್ಟಿ ಅಂಟಿಸಿ ಕಿತ್ತೂದು, ಯಾವುದೂ ಬ್ಯಾಡ. ತಿಕ್ಕಿದಲ್ಲೆ ಕಪ್ಪ ಕಲಿ ಬೀಳ್ತಾವು. ಉಗುರು ತಗೀರಿ, ಅರಳಿ ಅಂಗಿ ಹಾಕ್ರಿ."

ಸಿಂಧು ಅಲ್ಲೇ ಕೂತು ಹುಡುಗಿಯ ಉಗುರು ಕತ್ತರಿಸಿದಳು. ಆಮೇಲೆ ಹೌಸಾಬಾಯಿಯತ್ತ ತಿರುಗಿ, "ಮಾವಶಿ, ಕೇಳಿದ್ರಲ್ಲ? ಮೈ ಮುಟ್ಟಬ್ಯಾಡ್ರಿ" ಎಂದಳು.

ಸಿಸ್ಟರು ಹೇಳಿದ್ದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗಿತ್ತು. ಸಿಂಧು ಹೇಳಿದ್ದು ಮಾತ್ರ ಎದೆಗೆ ನಾಟಿತು. ಮುಟ್ಟಬೇಡ! ಊರ ಕೂಸುಗಳನ್ನೆಲ್ಲ ಎತ್ತಿ ಆಡಿಸಿದ ಕೈಗೆ, ಸ್ವಂತ ಮಗಳ ಮಗಳನ್ನು ಮುಟ್ಟಬೇಡ ಎನ್ನಲು ಇವಳಾರು? ಸೂಜಿ ಹಾಕಿದ್ದು ಕೊರಳಿಗೆ, ಮೈಗೇನು ಧಾಡಿ? ನನ್ನನ್ನು ದೂರ ಇಡುವ ಹೂಟ ಇದು ಎಂದು ಅವಳು ತೀರ್ಮಾನಿಸಿಬಿಟ್ಟಳು.

ಸಂಜೆಗೆ ಸಾನುವಿಗೆ ಜ್ವರ ಏರಿತು. ಸಿಂಧು ಔಷಧ ತರಲು ಕೆಳಗೆ ಹೋದಳು. ಹುಡುಗಿ ಹಾಸಿಗೆಯಲ್ಲಿ ಹೊರಳಾಡಿ ಅಳಲು ಶುರು ಮಾಡಿದಳು.

"ಆಜಿ, ಬೆನ್ನ ತುರಸ್ತೈತಿ. ತುರಸಾ, ಆಜಿ."

"ಬ್ಯಾಡಂತ ಅಂದಾಳ ನಿಮ್ಮ ಮಮ್ಮಿ."

"ಭಾಳ ತುರಸ್ತೈತಿ."

ಹೌಸಾಬಾಯಿ ಬಾಗಿಲ ಕಡೆ ನೋಡಿದಳು. ಕೈಚೀಲದಲ್ಲಿ ಕೊಬ್ಬರಿ ಎಣ್ಣೆಯ ಶೀಸೆ ಇದ್ದೇ ಇತ್ತು, ಅವಳು ಅದಿಲ್ಲದೆ ಎಲ್ಲಿಗೂ ಹೋಗುವವಳಲ್ಲ. ಅಂಗಿಯ ಗುಂಡಿ ಬಿಚ್ಚಿ, ಬಲ ಅಂಗೈಗೆ ಎಣ್ಣೆ ಸುರಿದುಕೊಂಡು, ಬೆನ್ನುಮೂಳೆಯಿಂದ ಪಕ್ಕೆಗೆ ಎಳೆದಳು. ಮತ್ತೆ ಎಳೆದಳು. ಹುಡುಗಿ ಅಳು ನಿಲ್ಲಿಸಿ ಹಾಯೆಂದು ಕಣ್ಣು ಮುಚ್ಚಿಕೊಂಡಿತು. ಶೈಲಾ ಕೂಸಾಗಿದ್ದಾಗ ಹೀಗೇ ಕಣ್ಣು ಮುಚ್ಚುತ್ತಿದ್ದಳು.

"ಮಮ್ಮಿಗೆ ಹೇಳಬ್ಯಾಡ ಮತ್ತ. ಹೇಳಿದ್ರ ಆಜೀನ್ನ ಮನೀಗೆ ಕಳಸ್ತಾಳ. ನಿನ್ನಾಣಿ ಅನ್ನು."

"ನಿನ್ನಾಣಿ" ಎಂದಿತು ಹುಡುಗಿ ನಿದ್ದೆಗಣ್ಣಲ್ಲಿ.

ಊರಿಗೆ ಬಂದ ಮೇಲೆ ಜ್ವರ ಬಿಟ್ಟಿತು. ಕೊರಳ ಕೆಂಪು ಇಳಿದು ಚೀಲದ ಮೇಲ್ಭಾಗ ನಿಜವಾಗಿ ಮುದುಡತೊಡಗಿತು. ಸಿಂಧುವಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಸಂಕ್ರಾಂತಿ ಕಳೆದು, ಸಾನುವಿಗೆ ಬೋರನ್ಹಾಣ ಮಾಡುತ್ತೇನೆ ಎಂದು ಗಲ್ಲಿಗೆಲ್ಲ ಹೇಳಿಬಂದಳು. ಐದರೊಳಗಿನ ಮಕ್ಕಳ ತಲೆಯ ಮೇಲೆ ಬಾರೆಹಣ್ಣು, ಕಬ್ಬಿನ ತುಂಡು, ಚುರಮುರಿ ಸುರಿಯುವ ಹಬ್ಬ ಅದು. ತಾಯಿ ಸತ್ತ ಮೇಲೆ ಆ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಕರಿ ಫ್ರಾಕು ಹೊಲಿಸಿ, ಸಕ್ಕರೆ ಕಾಳಿನ ಸರ, ಕಿರೀಟ ಎಲ್ಲ ತನ್ನ ಕೈಯಾರೆ ಪೋಣಿಸಿದ್ದಳು. ಹೌಸಾಬಾಯಿ ಮೂಲೆಯಲ್ಲಿ ಗೋಡೆಗೊರಗಿ ಕೂತು ಎಲ್ಲವನ್ನೂ ಹುಳುಕು ಹುಡುಕುವ ಕಣ್ಣಿಂದ ನೋಡಿದಳು. ಹುಳುಕು ಸಿಗಲಿಲ್ಲ.

ಸೇರು ತುಂಬ ಹಣ್ಣು ಚುರಮುರಿ ತಲೆಯ ಮೇಲೆ ಸುರಿದರು. ಗಲ್ಲಿಯ ಮಕ್ಕಳು ಆಯಲು ಮುಗಿಬಿದ್ದರು. ಸಾನು ಕಿಲಕಿಲ ನಗುತ್ತಿದ್ದವಳು ಇದ್ದಕ್ಕಿದ್ದಂತೆ ಕುಣಿಯತೊಡಗಿದಳು. ಕಬ್ಬಿನ ಚೂರು, ಚುರಮುರಿ ಫ್ರಾಕಿನೊಳಗೆ ಇಳಿದು ಚುಚ್ಚುತ್ತಿದ್ದವು. ಪಕ್ಕದ ಮನೆಯ ಕುಂಬಾರ ವಚ್ಛಲಾ ನಗುತ್ತ ಹಿಂದಿನ ಗುಂಡಿ ಬಿಚ್ಚಿ ಫ್ರಾಕು ಎಳೆದಳು.

ನಗು ನಿಂತುಹೋಯಿತು.

ಎಳೆಯ ಬೆನ್ನಿನ ಮೇಲೆ ಕಂದುಗಪ್ಪು ಬಾಸುಂಡೆಗಳು. ಬೆನ್ನುಮೂಳೆಯಿಂದ ಪಕ್ಕೆಗೆ ಇಳಿಜಾರಾಗಿ, ಒಂದರ ಕೆಳಗೊಂದು. ಬೆತ್ತದಲ್ಲಿ ಬಾರಿಸಿದರೆ ಹೇಗೆ ಏಳುತ್ತವೋ ಹಾಗೆ.

ಹೌಸಾಬಾಯಿ ಎದ್ದು ನಿಂತಳು. ಇಷ್ಟು ವರ್ಷ ಕಾದದ್ದು ಕಣ್ಣೆದುರೇ ಇತ್ತು.

"ಹೊಡದೀ, ನನ್ನ ಕೂಸಿಗೆ ಹೊಡದೀ! ರೋಗದ ಕೂಸು ಅಂತನೂ ನೋಡಲಿಲ್ಲಲ್ಲ, ನಿನ್ನ ಕೈಗೆ ಹುಳಾ ಬೀಳ್ಲಿ!"

ಸಿಂಧು ಹುಡುಗಿಯನ್ನು ಹತ್ತಿರ ಎಳೆದುಕೊಂಡಳು. "ಇಲ್ಲ ಮಾವಶಿ. ಅದು ಔಷಧದ್ದು. ನಾನೂ ನೋಡಿ ಅಂಜಿ ಆಸ್ಪತ್ರಿಗೆ ಫೋನ್ ಮಾಡಿದ್ದೆ. ತುರಿಸಿದ್ರ, ತಿಕ್ಕಿದ್ರ ಹಿಂಗ ಕಲಿ ಬೀಳ್ತಾವಂತ ಅಂದ್ರು."

"ಸೂಜಿ ಕೊರಳಿಗೆ, ಬಾಸಾಳ ಬೆನ್ನಿಗೆ? ಯಾರಿಗೆ ಹೇಳ್ತೀ? ಆ ಸಣ್ಣ ಕೈ ಬೆನ್ನಿನ ನಡುಮಟ ಮುಟ್ಟತೈತೇನ? ಹಂಗಾರ ತುರಿಸಿದವರು ಯಾರ?"

ತುರಿಸಿದವರು ಯಾರೆಂದು ಸಿಂಧುವಿಗೂ ಗೊತ್ತಿರಲಿಲ್ಲ.

ವಚ್ಛಲಾ ಹುಡುಗಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಸಾನೂ, ಯಾರ ಮಾಡಿದ್ರವಾ ಇದನ್ನ? ಹೇಳು, ಯಾರೂ ಬಯ್ಯೂದಿಲ್ಲ."

ಸಾನು ಆಜಿಯ ಮುಖ ನೋಡಿದಳು. ಆಮೇಲೆ ಮಮ್ಮಿಯ ಮುಖ ನೋಡಿದಳು. ಆಣೆಯ ನೆನಪಾಗಿ ತುಟಿ ಬಿಗಿದು ತಲೆ ತಗ್ಗಿಸಿದಳು. ಕೂಡಿದ ಹೆಂಗಸರಿಗೆ ಅಷ್ಟು ಸಾಕಾಯಿತು. ಮಲತಾಯಿಗೆ ಹೆದರಿ ಬಾಯಿ ಬಿಡುತ್ತಿಲ್ಲ ಎಂದು ಒಬ್ಬರ ಕಿವಿಗೊಬ್ಬರು ಹೇಳುತ್ತ ಎಳ್ಳುಂಡೆಯ ತಟ್ಟೆ ಮುಟ್ಟದೆ ಎದ್ದು ಹೋದರು. ಆ ಆಣೆ ಹಾಕಿಸಿದವಳು ತಾನೇ ಎಂಬುದು ಹೌಸಾಬಾಯಿಗೆ ಆಗ ನೆನಪಾಗಲೂ ಇಲ್ಲ. ಎಣ್ಣೆ ಹಚ್ಚಿದರೆ ಕೂಸು ಬೆಳ್ಳಗಾಗುತ್ತದೆ, ಕಪ್ಪಾಗುವುದೆಲ್ಲಿ ಬಂತು?

ತಾನಾಜಿ ಬಂದು ಬೆನ್ನು ನೋಡಿದ. ಕೂಗಾಡಲಿಲ್ಲ, ಅದೇ ಭಯವಾಗುವಂತಿತ್ತು. "ಅತ್ತಿ, ಕೂಸನ್ನ ಕರ್ಕೊಂಡು ಹೋಗ್ರಿ" ಎಂದ. ಹೆಂಡತಿಯ ಕಡೆ ನೋಡದೆಯೇ, "ನಾಳಿ ಬಿಟ್ಟು ನಾಡದ ನಿಮ್ಮಣ್ಣಗ ಬರಾಕ ಹೇಳು. ನಿನ್ನ ಸಾಮಾನು ಕಟ್ಟು" ಎಂದ.

"ಮತ್ತ ಎರಡನೇ ಸೂಜಿ?" ಎಂದಳು ಸಿಂಧು. ತನ್ನ ಬಗ್ಗೆ ಒಂದು ಮಾತೂ ಆಡದೆ ಅವಳು ಕೇಳಿದ್ದು ಇಷ್ಟೇ. "ಈ ವಾರ ಐತಿ. ಬಿಡಬಾರದು ಅಂದಾರ."

"ಸೂಜೀನೂ ಬ್ಯಾಡ, ನಿನ್ನ ಉಪಕಾರನೂ ಬ್ಯಾಡ."

ಗೆದ್ದ ಹೌಸಾಬಾಯಿ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಗೆಲುವು ಹೆಚ್ಚು ಹೊತ್ತು ನಿಲ್ಲಲಿಲ್ಲ. ಮರುದಿನ ಹುಡುಗಿಗೆ ನೆಗಡಿ ಹತ್ತಿತು. ಇಳಿಯುತ್ತಿದ್ದ ಚೀಲ ಮಧ್ಯಾಹ್ನಕ್ಕೆ ಮತ್ತೆ ಬಿಗಿಯಿತು. ಮಲಗಿದರೆ ಸಿಳ್ಳು, ಕೂತರೆ ಸಿಳ್ಳು. ಜೋಳದ ಭಾಕರಿಯನ್ನು ಹಾಲಲ್ಲಿ ಕಿವುಚಿ ಬಾಯಿಗಿಟ್ಟರೆ ನುಂಗಲಾರದೆ ಉಗುಳುತ್ತಿತ್ತು. "ಮಮ್ಮಿ ಹಿಂಗ ಕೂಡಸ್ತಾಳ" ಎಂದು ದಿಂಬನ್ನು ತಾನೇ ಬೆನ್ನಿಗೆ ಎಳೆದುಕೊಂಡು ಒರಗಿತು. ಯಾವ ನೆಗಡಿಗೆ ಏನು ಮಾಡಬೇಕೆಂದು ಊರಿಗೆಲ್ಲ ಹೇಳುವ ಮುದುಕಿಗೆ ಕೈಕಾಲು ಆಡಲಿಲ್ಲ. ಆ ಉಸಿರು ಎಲ್ಲಿ ನಿಂತುಬಿಡುವುದೋ ಎಂದು ಕಿವಿಯಿಟ್ಟು ಕೂತು ಬೆಳಗು ಮಾಡಿದಳು.

ಬೆಳಿಗ್ಗೆ ಬಿಸಿಲು ಅಂಗಳಕ್ಕೆ ಬಂದಾಗ ತನಗೆ ಗೊತ್ತಿದ್ದ ಒಂದೇ ಮದ್ದಿಗೆ ಕೈಹಾಕಿದಳು. ಓಮ ಹಾಕಿ ಎಣ್ಣೆ ಬೆಚ್ಚಗೆ ಮಾಡಿ, ಕಾಲು ಚಾಚಿ ಕೂತು ಹುಡುಗಿಯನ್ನು ಬೋರಲು ಹಾಕಿಕೊಂಡಳು. ಬೆನ್ನಿನ ಮೇಲಿನ ಬಾಸುಂಡೆ ನೋಡಿ ಸಿಂಧುವನ್ನು ಮನಸಾರೆ ಶಪಿಸಿದಳು. ಅಂಗೈಗೆ ಎಣ್ಣೆ ಸುರಿದುಕೊಂಡು ಬೆನ್ನುಮೂಳೆಯ ಮೇಲೆ ಕೈಯಿಟ್ಟಳು.

ಕೈ ಅಲ್ಲೇ ನಿಂತಿತು.

ಮೂರು ಗೆರೆ ಒತ್ತೊತ್ತಾಗಿದ್ದವು. ಮೂರು ಬೆರಳು ಅವುಗಳ ಮೇಲೆ ಹದವಾಗಿ ಕೂತಿದ್ದವು. ನಾಲ್ಕನೆಯ ಗೆರೆ ಆ ಮೂರನ್ನು ಬಿಟ್ಟು ದೂರದಲ್ಲಿತ್ತು, ಅದರ ಮೇಲೆ ಸೊಟ್ಟ ಕಿರುಬೆರಳು ತಾನಾಗಿ ಹೋಗಿ ಕೂತಿತ್ತು. ಕೈಯನ್ನು ಸ್ವಲ್ಪ ಕೆಳಗೆ ಸರಿಸಿದಳು. ಅಲ್ಲಿಯೂ ಮೂರು, ಆಮೇಲೆ ದೂರಕ್ಕೆ ಒಂದು. ಇನ್ನೂ ಕೆಳಗೆ ಸರಿಸಿದಳು. ಅಲ್ಲಿಯೂ ಅದೇ.

"ಯಾಕ ನಿಲ್ಲಿಸಿದಿ ಆಜಿ?" ಎಂದಿತು ಹುಡುಗಿ. "ಆಸ್ಪತ್ರ್ಯಾಗ ಮಾಡಿದಂಗ ಮಾಡು. ನಾ ಯಾರಿಗೂ ಹೇಳಿಲ್ಲ."

ಹೌಸಾಬಾಯಿ ಕೈಯನ್ನು ಕೆಂಡ ಮುಟ್ಟಿದವಳಂತೆ ಎಳೆದುಕೊಂಡಳು. ಅಂಗಳದಲ್ಲಿ ಯಾರೂ ಇರಲಿಲ್ಲ. ಬಾಯಿ ಮುಚ್ಚಿಕೊಂಡರೆ ಮುಗಿಯಿತು, ಹುಡುಗಿಯಂತೂ ಆಣೆಯಿಟ್ಟಿದೆ. ಹೇಳಿದರೆ? ನಾಳೆಯಿಂದ ಈ ಕೈಯಲ್ಲಿ ಯಾವ ತಾಯಿ ಕೂಸು ಕೊಟ್ಟಾಳು? ಕಾಲ ಮೇಲೆ ಹುಡುಗಿಯ ಎದೆ ಸಿಳ್ಳು ಹಾಕುತ್ತ ಏರಿಳಿಯುತ್ತಿತ್ತು. ಅಷ್ಟು ಹೊತ್ತೂ ಅವಳು ಎಣ್ಣೆಗೈಯನ್ನು ಗಾಳಿಯಲ್ಲಿ ಹಿಡಿದೇ ಕೂತಿದ್ದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು, ಹುಡುಗಿಗೆ ಶಾಲು ಸುತ್ತಿ ಎತ್ತಿಕೊಂಡು ಹೊರಟಳು.

ತಾನಾಜಿಯ ಮನೆ ಮುಂದೆ ಸಿಂಧುವಿನ ಅಣ್ಣ ಬಂದು ನಿಂತಿದ್ದ. ಕಬ್ಬಿಣದ ಟ್ರಂಕು ಕಟ್ಟೆಯ ಮೇಲಿತ್ತು. ವಚ್ಛಲಾ, ಇನ್ನಿಬ್ಬರು ಹೆಂಗಸರು ತಂತಮ್ಮ ಬಾಗಿಲಲ್ಲಿ ಏನೋ ಕೆಲಸವಿದ್ದವರ ಹಾಗೆ ನಿಂತಿದ್ದರು. ಸಿಂಧು ಹೊಸಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ಮೊದಲು ಕೇಳಿಸಿಕೊಂಡದ್ದು ಆ ಸಿಳ್ಳನ್ನು.

"ಎಷ್ಟೊತ್ತಿನಿಂದ ಹಿಂಗೈತಿ?" ಎಂದು ಓಡಿಬಂದಳು.

"ಇರವಾ. ಮೊದಲ ಇದನ್ನ ನೋಡ್ರಿ ಎಲ್ಲಾರೂ" ಎಂದಳು ಹೌಸಾಬಾಯಿ. ಹುಡುಗಿಯನ್ನು ಕಟ್ಟೆಯ ಮೇಲೆ ಕೂರಿಸಿ, ಶಾಲು ಸರಿಸಿ, ಬೆನ್ನಿನ ಮೇಲೆ ತನ್ನ ಬಲಗೈಯಿಟ್ಟಳು. ಒತ್ತಲಿಲ್ಲ, ಬರೀ ಇಟ್ಟಳು. "ಅಳಿಯಂದ್ರ, ಹತ್ರ ಬರ್ರಿ. ಈ ಕಿರಿಬಳ್ಳ ನೋಡ್ರಿ. ಈ ಊರಾಗ ಇಂಥಾ ಸೊಟ್ಟ ಬಳ್ಳು ಇನ್ನ್ಯಾರಿಗೈತಿ? ಆಕಿ ಔಷಧ ತರಾಕ ಹೋದಾಗ ಎಣ್ಣಿ ಹಚ್ಚಿ ತಿಕ್ಕಿದಾಕಿ ನಾನು. ಬ್ಯಾಡ ಅಂದಿದ್ಲು. ಆಕಿ ಅಂದ್ಲಂತನ ತಿಕ್ಕಿದೆ. ಹೇಳಬ್ಯಾಡಂತ ಕೂಸಿನ ಕಡಿಂದ ಆಣಿ ಹಾಕಿಸಿಕೊಂಡಾಕಿನೂ ನಾನ."

ತಾನಾಜಿ ಬಂದು ಬಗ್ಗಿ ನೋಡಿದ. ನೋಡಿದವನು ನೆಟ್ಟಗಾಗಿ ಗೋಡೆಯ ಕಡೆ ಮುಖ ಮಾಡಿ ನಿಂತ.

ಸಿಂಧು ಅಳಲಿಲ್ಲ, ಮುದುಕಿಯ ಕಾಲಿಗೂ ಬೀಳಲಿಲ್ಲ, ಕತೆಗಳಲ್ಲಿ ಆಗುವ ಹಾಗೆ ಅಪ್ಪಿಕೊಳ್ಳಲೂ ಇಲ್ಲ. "ನನ್ನ ಕೈಗೆ ಹುಳಾ ಬೀಳ್ಲಿ ಅಂದ್ರಿ ನೀವು" ಎಂದಳು. "ಹತ್ತು ಮಂದಿ ಮುಂದ ಅಂದ್ರಿ. ಅದನ್ನ ನಾ ಮರಿಯೂದಿಲ್ಲ, ಮಾವಶಿ." ಆಮೇಲೆ ಅಣ್ಣನತ್ತ ತಿರುಗಿದಳು. "ಅಣ್ಣಾ, ಆ ಟ್ರಂಕು ಒಳಗಿಡು. ಬಸ್ಸಿಗೆ ಹೊತ್ತಾತು, ನಾ ಮಿರಜಿಗೆ ಹೋಗಬೇಕು."

ತಾನಾಜಿ ಬಸ್ಸಿಗೆ ಹೋಗಗೊಡದೆ ಟೆಂಪೋದಲ್ಲೇ ಕರೆದೊಯ್ದ. ಡಾಕ್ಟರಬಾಯಿ ಅಂದೇ ಹುಡುಗಿಯನ್ನು ಸೇರಿಸಿಕೊಂಡು, ಉಸಿರು ತಿಳಿಯಾಗಿ ನೆಗಡಿ ಪೂರ್ತಿ ಇಳಿಯಲಿ ಎಂದು ಸೂಜಿಯನ್ನು ವಾರ ಮುಂದೂಡಿದಳು. ಬೆನ್ನಿನ ಕಲೆ ಮಾಸುತ್ತವೆ, ಆದರೆ ಪೂರ್ತಿ ಹೋಗುತ್ತವೆಂದು ಹೇಳಲಾರೆ ಎಂದಳು.

ಸುದ್ದಿ ಗಲ್ಲಿ ಸುತ್ತಿತು. ಆ ತಿಂಗಳು ಎರಡು ಮನೆಯಲ್ಲಿ ಹೆರಿಗೆಯಾದವು, ಎರಡೂ ಕಡೆಯಿಂದ ಹೌಸಾಬಾಯಿಗೆ ಕರೆ ಬರಲಿಲ್ಲ. ಬೇರೆ ಕೂಸಿಗೆ ಆ ಔಷಧವೂ ಇಲ್ಲ, ಕಲೆಯೂ ಬೀಳುವುದಿಲ್ಲ ಎಂದು ಯಾರಿಗಾದರೂ ಬಿಡಿಸಿ ಹೇಳಬಹುದಿತ್ತು. ಅವಳು ಹೇಳಲು ಹೋಗಲಿಲ್ಲ.

ಎರಡನೆಯ ಸೂಜಿಗೆ ಅವಳನ್ನು ಯಾರೂ ಕರೆದಿರಲಿಲ್ಲ. ಆದರೂ ಟೆಂಪೋ ಹೊರಡುವ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ನಿಂತಿದ್ದಳು. ಸಿಂಧು ಒಂದು ಗಳಿಗೆ ನೋಡಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಮುದುಕಿಯ ಕೈಚೀಲ ಈ ಸಲ ಹಗುರವಾಗಿತ್ತು.

ಸೂಜಿಯಾಯಿತು. ಮಧ್ಯಾಹ್ನಕ್ಕೆ ಜ್ವರ ಏರಿತು, ಕೊರಳು ಕೆಂಪಾಗಿ ಬಾತಿತು. ಈ ಸಲ ಯಾರೂ ಗಾಬರಿಯಾಗಲಿಲ್ಲ. ಸಿಸ್ಟರು ಬಂದು ಔಷಧದ ಚೀಟಿ ಕೊಟ್ಟುಹೋದಳು. ಸಿಂಧು ಚೀಟಿ ಹಿಡಿದು ಎದ್ದು ನಿಂತಳು. ಹಾಸಿಗೆ ನೋಡಿದಳು, ಹೌಸಾಬಾಯಿಯನ್ನು ನೋಡಿದಳು. ತಾನಾಜಿ ಬಾಡಿಗೆಗೆ ಹೋಗಿದ್ದ, ಬೇರೆ ಯಾರೂ ಇರಲಿಲ್ಲ.

"ಸಿಸ್ಟರಿಗೆ ಕೂಡಂತ ಹೇಳಿ ಹೋಗವಾ" ಎಂದಳು ಹೌಸಾಬಾಯಿ, ನೆಲ ನೋಡುತ್ತ. "ನನ್ನ ನಂಬಬ್ಯಾಡ."

ಸಿಂಧು ಹುಡುಗಿಯ ಅಂಗಿ ಸರಿಮಾಡಿ, ದಿಂಬು ಏರಿಸಿ, ಬಾಗಿಲವರೆಗೆ ಹೋದವಳು ತಿರುಗಿ ನಿಂತು, "ಮಂದಿ ಭಾಳ ಇದ್ರ ಬರೂದು ತಡಾ ಆದೀತು, ಮಾವಶಿ. ಅಕಿನ್ನ ನೋಡ್ಕೋರಿ" ಎಂದು ಹೊರಟುಹೋದಳು.

ಸ್ವಲ್ಪ ಹೊತ್ತಿಗೆ ಸಾನು ಹೊರಳಾಡತೊಡಗಿದಳು. "ಆಜಿ, ತುರಸ್ತೈತಿ. ಆಜೀ, ಭಾಳ ತುರಸ್ತೈತಿ."

ಹೌಸಾಬಾಯಿ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ, ಸೆರಗಿನ ತುದಿಯನ್ನು ಹಲ್ಲಿನಿಂದ ಎಳೆದು ಗಂಟು ಬಿಗಿದಳು. "ಬೋರಲು ಮಲ್ಕೊ, ನನ್ನ ಬಂಗಾರ" ಎಂದಳು. ಆಮೇಲೆ ಹಾಸಿಗೆಯ ಮೇಲೆ ಬಗ್ಗಿ ಆ ಬೆನ್ನಿಗೆ ಉಫ್ ಎಂದು ಊದತೊಡಗಿದಳು. ಒಂದು ಗೆರೆಯ ಉದ್ದಕ್ಕೂ ಊದಿ, ಉಸಿರು ಎಳೆದುಕೊಂಡು, ಮುಂದಿನ ಗೆರೆಗೆ ಊದಿದಳು. ಸೊಂಟ ನೋಯಿತು, ತಲೆ ತಿರುಗಿತು. ಹುಡುಗಿಯ ಅಳು ಇಳಿದು ಕಣ್ಣು ಮುಚ್ಚಿದ ಮೇಲೂ ನಿಲ್ಲಿಸಲಿಲ್ಲ. ಸಿಂಧು ಔಷಧ ಹಿಡಿದು ಬಾಗಿಲಲ್ಲಿ ಬಂದು ನಿಂತಾಗಲೂ ಅವಳು ಊದುತ್ತಲೇ ಇದ್ದಳು.